ಹುಚ್ಚಯ್ಯನಿಗೆ ನೆಗಡಿಯಾದದ್ದು

ಶಾಂತಿಗ್ರಾಮದ ಹುಚ್ಚಯ್ಯನಿಗೆ ಹುಚ್ಚೇನೂ ಇರಲಿಲ್ಲ. ಅವನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿಯದೆ ಹೋಗಿದ್ದರಿಂದ, ಇದೊಂದಾದರೂ ಯಾರ ಕಣ್ಣಿಗೂ ಬೀಳದೆ ಬದುಕಿಕೊಳ್ಳಲಿ ಎಂದು ತಾಯಿ ಪುಟ್ಟತಾಯಮ್ಮ ಆ ಹೆಸರಿಟ್ಟಿದ್ದಳು. ಹೆಸರು ತನ್ನ ಕೆಲಸ ಮಾಡಿತು. ಮಗ ಬದುಕಿದ. ಬದುಕಿದ್ದಷ್ಟೇ ಅಲ್ಲ, ಐವತ್ತು ದಾಟುವವರೆಗೂ ಒಂದು ಸಲ ಮೈ ಬಿಸಿಯಾಯಿತು, ಗಂಟಲು ಕಟ್ಟಿತು ಎಂದವನಲ್ಲ.

ಹೆದ್ದಾರಿಯ ಪಕ್ಕದಲ್ಲಿ ಅವನದೊಂದು ಹಿಟ್ಟಿನ ಗಿರಣಿಯಿತ್ತು. ಒಂದು ಮೂಲೆಯಲ್ಲಿ ರಾಗಿ ಬೀಸುವ ಕಲ್ಲು, ಇನ್ನೊಂದು ಮೂಲೆಯಲ್ಲಿ ಖಾರದ ಪುಡಿಯ ಮಿಶನ್ನು. ಆ ಮಿಶನ್ನು ಶುರುವಾಯಿತೆಂದರೆ ಗಿರಣಿಯಲ್ಲಿ ನಿಂತವರು ಸೆರಗು, ಟವೆಲು ಮುಖಕ್ಕೆ ಒತ್ತಿಕೊಂಡು ಆಚೆಗೆ ಓಡುತ್ತಿದ್ದರು. ರಸ್ತೆಯಾಚೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಸೀನುತ್ತಿದ್ದರು. ಹಾಸನದ ಕಡೆಯ ಬಸ್ಸುಗಳ ಡ್ರೈವರುಗಳು ಆ ತಿರುವು ಬಂದಾಗ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಹುಚ್ಚಯ್ಯ ಮಾತ್ರ ಕೆಂಪು ಮೋಡದ ನಡುವೆ ನಿಂತು, ಪುಡಿಯನ್ನು ಅಂಗೈಯಲ್ಲಿ ತೆಗೆದು ಮೂಗಿನ ಹತ್ತಿರ ಹಿಡಿದು, "ಇನ್ನೊಂದು ಸುತ್ತು ನುಣ್ಣಗಾಗ್ಬೇಕು" ಎನ್ನುತ್ತಿದ್ದ. ಅವನು ಸೀನಿದ್ದನ್ನು ಕಂಡವರೇ ಇರಲಿಲ್ಲ.

ಇದರಲ್ಲಿ ವಿಶೇಷವೇನಿದೆ ಎಂದು ಯಾರೂ ಯೋಚಿಸಿರಲಿಲ್ಲ, ೧೯೯೮ರ ಬೇಸಿಗೆಯಲ್ಲಿ ತಿರುನಾರಾಯಣರ ಸ್ಕೂಟರು ಗಿರಣಿಯ ಮುಂದಿನ ಚರಂಡಿಗೆ ಇಳಿಯುವವರೆಗೆ.

ತಿರುನಾರಾಯಣ ಹೊಳೆನರಸೀಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರು. ತಾತ ಮುತ್ತಾತಂದಿರು ನರಸಿಂಹಸ್ವಾಮಿಯ ಗುಡಿಯಲ್ಲಿ ಪಾರಾಯಣ ಮಾಡಿಕೊಂಡಿದ್ದವರು. ಇವರು ಅದೇ ಕಂಠದಲ್ಲಿ ಕಪ್ಪೆಯ ಜಠರದ ಪಾಠ ಮಾಡುತ್ತಿದ್ದರು. ಒಮ್ಮೆ ಮೈಸೂರಿನ ಸಮ್ಮೇಳನವೊಂದಕ್ಕೆ ಹೋದಾಗ ಅಲ್ಲೊಂದು ಉಪನ್ಯಾಸ ಕೇಳಿದರು. ಮನಸ್ಸಿಗೆ ಸದಾ ಚಿಂತೆ ಇರುವವರ ಮೈಯಲ್ಲಿ ರೋಗದೊಡನೆ ಹೋರಾಡುವ ಶಕ್ತಿ ಕುಗ್ಗುತ್ತದೆ, ಮೈಗೂ ಮನಸ್ಸಿಗೂ ಗೋಡೆ ಇಲ್ಲ, ಇದನ್ನು ಪ್ರಪಂಚವೆಲ್ಲ ಈಗ ಅಭ್ಯಾಸ ಮಾಡುತ್ತಿದೆ ಎಂದು ಅಲ್ಲಿ ಹೇಳಿದರಂತೆ. ಪ್ರಪಂಚವೆಲ್ಲ ಮಾಡುವಾಗ ಹಾಸನ ಜಿಲ್ಲೆ ಯಾಕೆ ಸುಮ್ಮನಿರಬೇಕು ಎಂದು ತಿರುನಾರಾಯಣರಿಗೆ ಅನ್ನಿಸಿತು. ವಾಪಸು ಬಂದವರೇ ಹಳ್ಳಿಮೈಸೂರಿನ ಹೈಸ್ಕೂಲು ವಿಜ್ಞಾನದ ಮೇಷ್ಟರು ಗಿರಿಧರನನ್ನು ಕಾರ್ಯದರ್ಶಿ ಮಾಡಿಕೊಂಡು, ನಾಲ್ಕು ತಾಲೂಕಿನ ಕೆಲವು ಉತ್ಸಾಹಿಗಳನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಮನಸ್ಸು ಮತ್ತು ರೋಗನಿರೋಧ, ಎರಡನ್ನೂ ಕೂಡಿಸಿ ಮನೋರೋಗನಿರೋಧ ಸಂಘ ಎಂದು ಹೆಸರಿಟ್ಟರು.

ಹೆಸರಿನಿಂದಲೇ ತೊಂದರೆ ಶುರುವಾಯಿತು. ಹೊಳೆನರಸೀಪುರದ ಸೈಕಲ್ ಶಾಪಿನ ಮೇಲಿನ ಕೋಣೆಗೆ ಬೋರ್ಡು ಬರೆದವನು ಜಾಗ ಸಾಲದೆ ಮೇಲಿನ ಸಾಲಿನಲ್ಲಿ 'ಮನೋರೋಗ' ಎಂದೂ ಕೆಳಗಿನ ಸಾಲಿನಲ್ಲಿ 'ನಿರೋಧ ಸಂಘ' ಎಂದೂ ಬರೆದ. ಮೇಲಿನ ಸಾಲು ಓದಿದವರು ತಲೆ ಕೆಟ್ಟ ನಂಟರನ್ನು ಕರೆದುಕೊಂಡು ಬಂದರು. ಕೆಳಗಿನ ಸಾಲು ಓದಿದವರು, ಅವರಲ್ಲಿ ಹೆಚ್ಚಿನವರು ಹೊಸದಾಗಿ ಮದುವೆಯಾದ ಗಂಡಸರು, ಮೆಟ್ಟಿಲ ಮೇಲೆ ನಿಂತು ಅತ್ತಿತ್ತ ನೋಡಿ, ಸರ್ಕಾರದ ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದಿದೆಯಂತೆ, ಇಲ್ಲಿ ಪುಕ್ಕಟೆ ಕೊಡ್ತೀರಾ ಎಂದು ಪಿಸುಗುಟ್ಟಿದರು. ತಿರುನಾರಾಯಣರು ಎರಡೂ ಬಗೆಯವರಿಗೆ ಚಿಂತೆ ಮತ್ತು ಬಿಳಿ ರಕ್ತಕಣಗಳ ಬಗ್ಗೆ ತಿಳಿಹೇಳಿ ಕಳಿಸುತ್ತಿದ್ದರು.

ಸಂಘಕ್ಕೆ ಇನ್ನೊಂದು ದೊಡ್ಡ ತೊಡಕಿತ್ತು. ಚಿಂತೆ ಇರುವವರ ಆರೋಗ್ಯವನ್ನು ಅಳೆಯಬೇಕಾದರೆ ಪಕ್ಕದಲ್ಲಿಟ್ಟು ಹೋಲಿಸಲು ಚಿಂತೆ ಇಲ್ಲದವರು ಬೇಕು. ಅಂಥವರು ಸಿಗಲಿಲ್ಲ. ಅರಕಲಗೂಡಿನಲ್ಲಿ ಒಬ್ಬ ಸನ್ಯಾಸಿ ಇದ್ದಾನೆಂದು ಕೇಳಿ ಹೋದರೆ ಅವನಿಗೆ ಮಠದ ಜಾಗದ ಕೋರ್ಟು ವ್ಯಾಜ್ಯವಿತ್ತು. ಚನ್ನರಾಯಪಟ್ಟಣದಲ್ಲಿ ಸದಾ ನಗುತ್ತಿದ್ದ ಬಟ್ಟೆ ಅಂಗಡಿಯವನು, ಬಾಗಿಲು ಹಾಕಿಕೊಂಡು ಕೂತು ಮಾತಾಡಿಸಿದಾಗ ಅತ್ತುಬಿಟ್ಟ. ಹೀಗೆ ಸೋತು, ಚನ್ನರಾಯಪಟ್ಟಣದಿಂದ ಹಾಸನದ ಕಡೆಗೆ ಬರುತ್ತಿದ್ದಾಗಲೇ ಮೇಷ್ಟರು ಶಾಂತಿಗ್ರಾಮದ ತಿರುವಿನಲ್ಲಿ ಸೀನು ತಡೆಯಲಾರದೆ ಚರಂಡಿಗಿಳಿದದ್ದು.

ಹುಚ್ಚಯ್ಯ ಬಂದು ಸ್ಕೂಟರನ್ನೂ ಮೇಷ್ಟರನ್ನೂ ಎತ್ತಿದ. ನೀರು ಕೊಟ್ಟ. ಕಣ್ಣೀರು ಒರೆಸಿಕೊಳ್ಳುತ್ತ ತಿರುನಾರಾಯಣರು ನೋಡಿದರು: ಸುತ್ತ ಇರುವವರೆಲ್ಲ ಸೀನುತ್ತಿದ್ದಾರೆ, ಈ ಮನುಷ್ಯ ಮೊಣಕೈವರೆಗೆ ಖಾರದಲ್ಲಿ ಮುಳುಗಿಯೂ ತಣ್ಣಗಿದ್ದಾನೆ.

"ನಿಮಗೆ ಸೀನು ಬರೋಲ್ವೆ?"

"ಇಲ್ಲ ಸಾ."

"ನೆಗಡಿ?"

"ಅದು ನಮ್ ಮನೇಲಿ ಎಂಗುಸ್ರಿಗೆ ಬತ್ತದೆ. ನಂಗಿಲ್ಲ."

"ಚಿಂತೆ ಏನಾದರೂ ಇದೆಯೆ?"

ಹುಚ್ಚಯ್ಯ ಸ್ವಲ್ಪ ಹೊತ್ತು ಯೋಚಿಸಿದ. ನಿಜವಾಗಿಯೂ ಹುಡುಕಿ ನೋಡಿದ. "ಯಾವ್ದೂ ಗೆಪ್ತಿಗೆ ಬತ್ತಾ ಇಲ್ಲ ಸಾ" ಎಂದ.

ತಿರುನಾರಾಯಣರು ಅವನ ಖಾರದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದೇ ಕೈಯಲ್ಲಿ ಆಮೇಲೆ ಕಣ್ಣೊರೆಸಿಕೊಂಡು ಅರ್ಧ ಗಂಟೆ ಬಾವಿಕಟ್ಟೆಯ ಮೇಲೆ ಕೂರಬೇಕಾಯಿತು.

ಖಾರಕ್ಕೆ ಸೀನದಿರುವುದಕ್ಕೂ ರೋಗನಿರೋಧಕ್ಕೂ ಏನು ಸಂಬಂಧ ಎಂದು ಗಿರಿಧರ ಸಂಘದ ಸಭೆಯಲ್ಲಿ ಕೇಳಿದ. ಅದನ್ನೇ ಕಂಡುಹಿಡಿಯಬೇಕಾಗಿದೆ ಎಂದರು ಅಧ್ಯಕ್ಷರು. ಪರೀಕ್ಷೆಗೆ ಇಬ್ಬರೂ ಗಿರಣಿಗೆ ಬಂದರು. ಹಿಟ್ಟಿನ ಚೀಲದ ಮೇಲೆ ಹುಚ್ಚಯ್ಯನನ್ನು ಕೂರಿಸಿ, ನಾಡಿ ಹಿಡಿದುಕೊಂಡು ಗಿರಿಧರ ಗಂಭೀರ ದನಿಯಲ್ಲಿ ಹೇಳಿದ:

"ಹುಚ್ಚಯ್ಯ, ನಿಮ್ಮ ಗಿರಣಿಗೆ ಬೆಂಕಿ ಬಿದ್ದಿದೆ."

ಹುಚ್ಚಯ್ಯ ಸುತ್ತ ನೋಡಿದ. "ಎಲ್ಲಿ ಸಾ? ನಾವು ಅದ್ರೊಳಗೇ ಕುಂತಿದೀವಲ್ಲ."

"ಬಿದ್ದಿದೆ ಅಂತ ಅಂದುಕೊಳ್ಳಿ."

"ಅಂದ್ಕಂಡೆ."

"ಏನನ್ನಿಸ್ತು?"

"ಇವತ್ತು ರಾಗಿ ಬೀಸಂಗಿಲ್ಲ ಅನ್ನುಸ್ತು."

ನಾಡಿ ಕದಲಲಿಲ್ಲ. ಗಿರಿಧರ ತನ್ನ ನಾಡಿಯನ್ನೇ ಮುಟ್ಟಿ ನೋಡಿಕೊಂಡ. ಬೆಂಕಿಯ ಮಾತಾಡಿದ್ದಕ್ಕೇ ಅದು ಓಡುತ್ತಿತ್ತು.

ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಬಿಳಿ ಕಣಗಳು ಇರಬೇಕಾದಷ್ಟು ಇದ್ದವು. "ಇವು ಸಿಪಾಯಿಗಳು ಹುಚ್ಚಯ್ಯನೋರೆ. ನಿಮ್ಮ ಮೈಯೊಳಗೆ ಹಗಲೂ ರಾತ್ರಿ ಕಾವಲು ಕಾಯ್ತಿರ್ತಾರೆ" ಎಂದು ತಿರುನಾರಾಯಣರು ವಿವರಿಸಿದರು.

"ಅವ್ರಿಗೆ ಊಟ ಯಾರಾಕ್ತಾರೆ ಸಾ?"

"ನೀವೇ."

"ಅಂಗಾರೆ ಇನ್ನೊಂದ್ ಮುದ್ದೆ ಜಾಸ್ತಿ ಉಣ್ಬೇಕು" ಎಂದ ಹುಚ್ಚಯ್ಯ. ಇಷ್ಟು ಜನ ತನ್ನೊಳಗಿದ್ದದ್ದು ಅವನಿಗೆ ಸಂತೋಷದ ಸಂಗತಿಯೇ ಆಗಿತ್ತು.

ಹೀಗೆ ಹುಚ್ಚಯ್ಯ ಸಂಘದ ನಿಶ್ಚಿಂತ ಮಾದರಿಯಾದ. ತಿಂಗಳಿಗೊಮ್ಮೆ ಅವನನ್ನು ಒಂದೊಂದು ಊರಿಗೆ ಕರೆದುಕೊಂಡು ಹೋಗಿ, ಹಾರ ಹಾಕಿ, ವೇದಿಕೆಯ ಮೇಲೆ ಕೂರಿಸಿ ಜನರಿಗೆ ತೋರಿಸಿದರು. ಅರಕಲಗೂಡಿನಲ್ಲಿ ಒಬ್ಬ ಮುದುಕಿ ಬಂದು ಅವನ ಕಾಲು ಮುಟ್ಟಿದಳು. ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿಯವನು ಒಂದು ಪಂಚೆ ಕೊಟ್ಟು, ಗುಟ್ಟೇನು ಹೇಳಿ ಎಂದು ಬೇಡಿಕೊಂಡ. ಹುಚ್ಚಯ್ಯನಿಗೆ ಗುಟ್ಟು ಗೊತ್ತಿರಲಿಲ್ಲ. "ನನ್ ಪಾಡಿಗೆ ನಾನಿರ್ತೀನಿ" ಎಂದ. ಅದನ್ನು ಗಿರಿಧರ ಬರೆದುಕೊಂಡ.

ಮಾದರಿಯನ್ನು ಮಾದರಿಯಾಗಿಯೇ ಉಳಿಸಿಕೊಳ್ಳುವುದು ಸಂಘದ ಹೊಣೆಯಾಯಿತು. ಎಲ್ಲಿಂದಲೋ ಒಂದು ಚಿಂತೆ ಬಂದು ಅಂಟಿಕೊಂಡರೆ ಇಷ್ಟು ದಿನದ ಸಂಶೋಧನೆ ಹಾಳು. ತಿರುನಾರಾಯಣರು ಊರಿನ ಹಿರಿಯರನ್ನು ಕಂಡು ಕೈಮುಗಿದು ಕೇಳಿಕೊಂಡರು. ಗಿರಿಧರ ಗಿರಣಿಯ ಬಾಗಿಲಿಗೆ ಒಂದು ತಗಡು ತೂಗುಹಾಕಿದ: 'ಇಲ್ಲಿ ದುಃಖದ ಸುದ್ದಿ ಹೇಳಬಾರದು.' ಓದಲು ಬಾರದ ಹುಚ್ಚಯ್ಯ ಅದನ್ನು ಸಂಘದ ಬೋರ್ಡೆಂದುಕೊಂಡ. ಊರಿನ ಹೆಸರು ವಿಜ್ಞಾನದಲ್ಲಿ ಬರುತ್ತದೆಂದು ಜನ ಒಪ್ಪಿಕೊಂಡರು.

ಆದರೆ ಗಿರಣಿಯೆಂದರೆ ಬರೀ ಹಿಟ್ಟಲ್ಲ. ರಾಗಿ ಬೀಸುವಷ್ಟು ಹೊತ್ತು ಜನ ಅಲ್ಲಿ ತಮ್ಮ ಮನೆಯ ಜಗಳ, ಮಗಳ ಬಾಣಂತನ, ಎಮ್ಮೆಯ ಕೆಚ್ಚಲು ಬಾವು ಎಲ್ಲವನ್ನೂ ಸುರಿದು ಹಗುರಾಗಿ ಹೋಗುತ್ತಿದ್ದರು. ಹುಚ್ಚಯ್ಯ ಕೇಳುತ್ತಿದ್ದ, ಹೂಂ ಅನ್ನುತ್ತಿದ್ದ, ಕಲ್ಲು ಸರಿಮಾಡುತ್ತಿದ್ದ. ಈಗ ಜನ ತಗಡು ಓದಿ ಬಾಯಿಗೆ ಬೀಗ ಹಾಕಿಕೊಂಡರು. ನಗುನಗುತ್ತ ಬಂದು ನಗುನಗುತ್ತ ಹೋಗತೊಡಗಿದರು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಬಂದವಳೂ ನಗುತ್ತಿದ್ದಳು. ಹುಚ್ಚಯ್ಯನಿಗೆ ಏನೋ ಒಂದು ತರಹ ಆಯಿತು. ಎಲ್ಲರಿಗೂ ಒಟ್ಟಿಗೇ ಇಷ್ಟೊಂದು ಸುಖ ಎಲ್ಲಿಂದ ಬಂತು ಎಂದು ತಿಳಿಯಲಿಲ್ಲ.

ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ದೇವಯ್ಯ ರಾಗಿ ತಂದ. ಚಿಕ್ಕಂದಿನ ಗೆಳೆಯ. ತಲೆ ನುಣ್ಣಗೆ ಬೋಳಿಸಿತ್ತು.

"ಯಾಕ್ಲಾ ತಲೆ ಬೋಳುಸ್ದೆ?"

"ಸೆಕೆ ಕಣ್ಲಾ" ಎಂದ ದೇವಯ್ಯ. ಕಂಬಳಿ ಹೊದ್ದು ನಡುಗುತ್ತಿದ್ದ. ತಗಡಿನ ಕಡೆ ಒಮ್ಮೆ ನೋಡಿ, ಹಲ್ಲು ಕಿರಿದು, ಹಿಟ್ಟು ಎತ್ತಿಕೊಂಡು ಹೋದ.

ಹುಚ್ಚಯ್ಯ ಮಿಶನ್ನು ನಿಲ್ಲಿಸಿದ. ಮನೆಗೆ ಹೋಗಿ ಹೆಂಡತಿ ಸುವರ್ಣಮ್ಮನನ್ನು ಕೇಳಿದ. ಅವಳು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ, ಹೇಳಬೇಕೋ ಬೇಡವೋ ಎಂದು ಒಲೆಯ ಕಡೆ ನೋಡಿದಳು. ಕೊನೆಗೆ ಹೇಳಿದಳು. ದೇವಯ್ಯನ ಅಪ್ಪ ತೀರಿಕೊಂಡು ಮಣ್ಣಾಗಿ, ತಿಥಿಯೂ ಮುಗಿದಿತ್ತು. ಹುಚ್ಚಯ್ಯನಿಗೆ ಕೆರೆಯಲ್ಲಿ ಈಜು ಕಲಿಸಿದ ಮನುಷ್ಯ. ಮಣ್ಣಿನ ದಿನ ಸಂಘದವರು ಇವನನ್ನು ಅರಕಲಗೂಡಿಗೆ ಹಾರ ಹಾಕಲು ಕರೆದುಕೊಂಡು ಹೋಗಿದ್ದರು.

ಹುಚ್ಚಯ್ಯ ದೇವಯ್ಯನ ಮನೆಗೆ ಹೋಗಿ ಜಗಲಿಯ ಮೇಲೆ ಕೂತ. "ನಾನು ಮಣ್ಣಿಗೆ ಬರ್ನಿಲ್ವಲ್ಲೋ" ಎಂದ. "ನಾನೊಬ್ಬ ಬರ್ನಿಲ್ಲ."

"ನಿಂಗೆ ಏಳ್ಬಾರ್ದು ಅಂದ್ರು ಕಣ್ಲಾ. ನಿನ್ ಸಿಪಾಯ್ಗಳು ಸತ್ತೋಯ್ತಾರಂತೆ."

"ಸಾಯ್ಲಿ."

ದೇವಯ್ಯ ಕಂಬಳಿಯ ಒಂದು ತುದಿಯನ್ನು ಅವನಿಗೂ ಹೊದಿಸಿದ. ಆಮೇಲೆ ದೇವಯ್ಯ ಅತ್ತ, ಹುಚ್ಚಯ್ಯನೂ ಅತ್ತ.

ಬಂದು ತಗಡು ಕಿತ್ತೆಸೆದ. ಆದರೆ ಅಷ್ಟರಲ್ಲಿ ಬೀಜ ಬಿದ್ದಾಗಿತ್ತು. ಇದನ್ನು ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದಾರೋ? ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಎಲ್ಲವನ್ನೂ ತಡವಿ ನೋಡತೊಡಗಿದ. ಗಿರಣಿಯ ಬೆಲ್ಟು ಬಿರುಕು ಬಿಟ್ಟಿದೆಯೇ? ಮಾಡಿನ ಹೆಂಚು ಜರುಗಿದೆಯೇ? ಹಾಸನದ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ರೂಪಶ್ರೀಯನ್ನು ನೋಡಲು ಓಡಿದ. "ಅಪ್ಪ, ನಂಗೇನೂ ಆಗಿಲ್ಲ" ಎಂದಳು ಅವಳು. ಏನೂ ಆಗಿಲ್ಲ ಎಂದು ಎಲ್ಲರೂ ಹೀಗೇ ಅಲ್ಲವೇ ಹೇಳುವುದು ಎಂದುಕೊಂಡು ಇನ್ನಷ್ಟು ಅನುಮಾನ ಹೊತ್ತು ಬಸ್ಸು ಹತ್ತಿದ.

ಒಳಗಿನ ಕೋಣೆಯಲ್ಲಿ ತಾಯಿ ಪುಟ್ಟತಾಯಮ್ಮ ಲಕ್ವ ಹೊಡೆದು ಮಲಗಿ ವರ್ಷಗಳಾಗಿದ್ದವು. ಬಲಗೈ, ಬಲಗಾಲು ಆಡುತ್ತಿರಲಿಲ್ಲ. ನಾಲಿಗೆ ಮಾತ್ರ ಎರಡೂ ಪಾಲಿನ ಕೆಲಸ ಮಾಡುತ್ತಿತ್ತು. ಹುಚ್ಚಯ್ಯ ದಿನಾ ಬೆಳಿಗ್ಗೆ ಹೋಗಿ, "ಉಸಾರಾಗಿದೀಯೇನವ್ವ?" ಎಂದು ಕೇಳಿ, ಅವಳ ಬೈಗುಳ ಕೇಳಿ, ತೃಪ್ತಿಯಿಂದ ಗಿರಣಿಗೆ ಹೋಗುತ್ತಿದ್ದ. ಈಗ ಬಾಗಿಲಲ್ಲಿ ನಿಂತು ನೋಡಿದ. ಸುವರ್ಣಮ್ಮ ಅತ್ತೆಯನ್ನು ತೋಳಿನಲ್ಲಿ ಎತ್ತಿ ಮಗ್ಗುಲು ತಿರುಗಿಸಿ, ಬೆನ್ನೊರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಬೈಸಿಕೊಂಡು, ಒದ್ದೆ ಬಟ್ಟೆ ಎತ್ತಿಕೊಂಡು ಸೀನುತ್ತ ಹಿತ್ತಲಿಗೆ ಹೋದಳು.

"ಇದೆಲ್ಲ ದಿನಾ ಮಾಡ್ತಿಯಾ?"

ಸುವರ್ಣಮ್ಮ ಬಟ್ಟೆ ಹಿಂಡುತ್ತಲೇ ಹೇಳಿದಳು, "ಇಷ್ಟ್ ದಿನ ಯಾರ್ ಮಾಡ್ತಾವ್ರೆ ಅಂದ್ಕಂಡಿದ್ರಿ? ಸಂಘದೋರಾ?"

ಅವಳು ಒಂದೊಂದಾಗಿ ಹೇಳಿದಳು. ರೂಪಶ್ರೀಯ ಫೀಸು, ದಂಡಿಗನಹಳ್ಳಿಯ ತನ್ನ ತವರಿನವರ ಮುನಿಸು, ಹೊಲದ ಬೇಲಿ, ಅತ್ತೆಯ ಬೆನ್ನಿನ ಹುಣ್ಣು. ಎಲ್ಲವೂ ಆ ಮನೆಯಲ್ಲೇ ಇದ್ದವು. ಅವನ ಹತ್ತಿರ ಬರುವಷ್ಟರಲ್ಲಿ ಅವಳು ಎದ್ದು ಹೋಗಿ ಬಾಗಿಲಲ್ಲೇ ಎದುರುಗೊಂಡು ಇಟ್ಟುಕೊಂಡಿದ್ದಳು, ಅಷ್ಟೆ. "ನಿಮ್ಗೇಳಿದ್ರೆ 'ಓಗ್ಲಿ ಬುಡು' ಅಂತೀರಿ. ಓಯ್ತಿತ್ತಾ ಅದು?"

ಅಂದಿನಿಂದ ತಾಯಿಯ ಬೆಳಗಿನ ಕೆಲಸವನ್ನು ಹುಚ್ಚಯ್ಯ ವಹಿಸಿಕೊಂಡ. ಬೇಲಿ, ಹೆಂಚು, ತವರಿನ ಮುನಿಸುಗಳನ್ನೂ ಒಂದೊಂದಾಗಿ ಕಿತ್ತುಕೊಂಡ. ಚಿಂತೆ ಮಾಡುವುದರಲ್ಲಿ ಅವನಿಗೆ ಅಭ್ಯಾಸವಿಲ್ಲದ್ದರಿಂದ ಹದ ತಿಳಿಯಲಿಲ್ಲ. ಹೆಂಚಿಗೂ ಮಗಳಿಗೂ ಒಂದೇ ಸಮನೆ ಚಿಂತಿಸಿದ. ನಿದ್ದೆ ಕೆಟ್ಟಿತು. ಮುದ್ದೆ ಇಳಿಯದಾಯಿತು. ಸುವರ್ಣಮ್ಮನಿಗೆ ಮಧ್ಯಾಹ್ನ ಒಂದು ಜೊಂಪು ಹತ್ತತೊಡಗಿತು. ವರ್ಷಗಟ್ಟಲೆ ಅವಳ ಮೂಗಿನಲ್ಲಿ ಬಿಡಾರ ಹೂಡಿದ್ದ ನೆಗಡಿ ಒಂದು ದಿನ ಹೇಳದೆ ಕೇಳದೆ ಹೊರಟುಹೋಯಿತು.

ಸಂಘದವರಿಗೆ ಇದಾವುದೂ ತಿಳಿಯದು. ಅವರು ೧೯೯೯ರಲ್ಲಿ ಹಾಸನದ ಒಂದು ಕಲ್ಯಾಣಮಂಟಪದಲ್ಲಿ ದೊಡ್ಡ ಸಭೆ ಏರ್ಪಡಿಸಿದ್ದರು. ಚಿಂತೆಗೂ ಮೈಯ ಕಾವಲಿಗೂ ಇರುವ ನಂಟನ್ನೇ ಅಭ್ಯಾಸ ಮಾಡಿದ್ದ ಡಾಕ್ಟರ್ ಹಂಸ ಎಂಬಾಕೆಯನ್ನು ಮೈಸೂರಿನಿಂದ ಕರೆಸಿದ್ದರು. ಹಿಂದಿನ ದಿನದ ಮದುವೆಯ ಮಂಟಪ ಇನ್ನೂ ಬಿಚ್ಚಿರಲಿಲ್ಲ. ಹಾಗಾಗಿ ಹುಚ್ಚಯ್ಯ ಹೂವಿನ ಕಮಾನಿನ ಕೆಳಗೆ, ಮದುಮಗನ ಕುರ್ಚಿಯಲ್ಲಿ ಕೂತ.

ತಿರುನಾರಾಯಣರು ಮೈಕಿನ ಮುಂದೆ ನಿಂತರು. "ಈ ಮಹನೀಯರನ್ನು ನೋಡಿ. ಇವರ ಹೆಸರು ಹುಚ್ಚಯ್ಯ. ನಮ್ಮ ಜಿಲ್ಲೆಯಲ್ಲೇ ಅತ್ಯಂತ ಸ್ವಸ್ಥವಾದ ಮನಸ್ಸು ಇವರದು. ಖಾರದ ಪುಡಿಯ ಮಧ್ಯೆ ಬಾಳಿದವರು. ಇವತ್ತಿನವರೆಗೆ ಒಂದು ಸೀನಿಲ್ಲ, ಒಂದು ಕೆಮ್ಮಿಲ್ಲ. ಯಾಕೆ? ನಿಶ್ಚಿಂತೆ! ಈಗ ಅವರೇ ಎರಡು ಮಾತಾಡುತ್ತಾರೆ."

ಹುಚ್ಚಯ್ಯನಿಗೆ ಬೆಳಗಿನಿಂದ ತಲೆ ಭಾರವಾಗಿತ್ತು. ಗಂಟಲಲ್ಲಿ ಏನೋ ಕೂತ ಹಾಗಿತ್ತು. ಮೈಕಿನ ಮುಂದೆ ಬಂದು ನಿಂತಾಗ ಮೂಗಿನ ಒಳಗೆ, ಬಹಳ ಮೇಲೆ, ಹೆಸರೇ ಗೊತ್ತಿಲ್ಲದ ಒಂದು ಕಚಗುಳಿ ಎದ್ದಿತು. ಅವನು ಹೆದರಿ ಅಧ್ಯಕ್ಷರ ಕಡೆ ತಿರುಗಿದ.

"ಸಾ, ನಂಗೇನೋ ಬತ್ತಾ ಐತೆ."

"ಬರಲಿ, ಬರಲಿ. ಮನಸ್ಸಿಗೆ ಬಂದದ್ದು ಮಾತಾಡಿ."

"ಮನ್ಸಿಗಲ್ಲ ಸಾ, ಮೂಗಿ..."

ಐವತ್ತು ವರ್ಷ ತಡೆದಿದ್ದೆಲ್ಲ ಒಟ್ಟಿಗೆ ಬಂತು. ನಾಲ್ಕು ದಿಕ್ಕಿನ ಧ್ವನಿವರ್ಧಕಗಳಿಂದ ಸೀನು ಹೊರಟು, ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಕಮಾನಿನಿಂದ ಬಾಡಿದ ಸೇವಂತಿಗೆ ಉದುರಿತು. ಹುಚ್ಚಯ್ಯ ಮೂಗನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ತನ್ನದೋ ಅಲ್ಲವೋ ಎಂಬಂತೆ ಸುತ್ತ ನೋಡಿ, ಇನ್ನೊಂದು ಸೀನಿದ. ಆಮೇಲೆ ನಿಲ್ಲಲೇ ಇಲ್ಲ.

"ಧೂಳು! ಮದುವೆಮನೆ ಧೂಳು!" ಎಂದು ತಿರುನಾರಾಯಣರು ಕೂಗಿದರು.

"ಮೈಕು ಆಫ್ ಮಾಡಿ" ಎಂದು ಗಿರಿಧರ ಓಡಿದ. "ಇದು ಸಭೆಯ ಭಾಗವಲ್ಲ, ಯಾರೂ ಬರೆದುಕೊಳ್ಳಬೇಡಿ."

ಹಿಂದಿನ ಸಾಲಿನಿಂದ ಬಟ್ಟೆ ಅಂಗಡಿಯವನು, ತನ್ನ ಪಂಚೆ ವಾಪಸು ಕೊಡಬೇಕೆಂದ. ಇನ್ನೊಬ್ಬ, ಸೀನುವುದು ಆರೋಗ್ಯದ ಲಕ್ಷಣವೇ ಎಂದು ವಾದ ಹೂಡಿದ. ತಿರುನಾರಾಯಣರು ಮದುಮಗಳ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು.

ಡಾಕ್ಟರ್ ಹಂಸ ಎದ್ದು ಬಂದು ಹುಚ್ಚಯ್ಯನ ಹಣೆ ಮುಟ್ಟಿದರು. "ನೆಗಡಿ. ಒಳ್ಳೆ ಜೋರು ನೆಗಡಿ" ಎಂದರು. "ಈಚೆಗೆ ಮನೇಲಿ ಏನಾದ್ರೂ ಬದಲಾಯ್ತೆ?"

ಹುಚ್ಚಯ್ಯ ಉತ್ತರಕ್ಕೆ ಇನ್ನೊಂದು ಸೀನಿದ. ಅತ್ತೆಯ ಹತ್ತಿರ ಮಗಳನ್ನು ಕೂರಿಸಿ ಬಂದಿದ್ದ ಸುವರ್ಣಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತಳು. "ಮೊದ್ಲು ಚಿಂತೆ ನಾನ್ ಮಾಡ್ತಿದ್ದೆ, ನೆಗಡಿ ನಂಗಿತ್ತು. ಈಗ ಅವ್ರು ತಕಂಡ್ರು. ಅದೂ ಜೊತೇಲಿ ಓಯ್ತು" ಎಂದಳು.

ಗಿರಿಧರನ ಕಣ್ಣು ಹೊಳೆಯಿತು. "ಅಂದರೆ ಒಂದು ಮನೆಯಲ್ಲಿ ಚಿಂತೆಯ ಮೊತ್ತ ಸ್ಥಿರ! ಅದನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು, ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಬಹುದು! ಸಾರ್, ನಿಯಮ ಸಿಕ್ಕಿತು!"

ತಿರುನಾರಾಯಣರು ಮುಖದಿಂದ ಕೈ ತೆಗೆದರು. ಹಂಸ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಮುಗಿದ ಮೇಲೆ, ನಿಯಮ ಗಿಯಮ ಏನೂ ಇಲ್ಲ, ಒಂದು ಮನೆಯನ್ನು ನೋಡಿ ಏನನ್ನೂ ಹೇಳಲಾಗದು ಎಂದು ಗಿರಿಧರನನ್ನು ಕೂರಿಸಿದರು. ಆಮೇಲೆ ತಮ್ಮ ಭಾಷಣವನ್ನು ಮಡಿಸಿಟ್ಟು, ಸುವರ್ಣಮ್ಮನ ಕಡೆಗೇ ನೋಡುತ್ತ ಮಾತಾಡಿದರು. ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರ ಮೈಯಲ್ಲಿ ಗಾಯ ಕೂಡ ನಿಧಾನವಾಗಿ ಮಾಗುತ್ತದೆ, ನೆಗಡಿ ಜ್ವರ ಬೇಗ ಅಂಟುತ್ತದೆ, ಅದನ್ನು ಬೇರೆ ದೇಶಗಳಲ್ಲಿ ಅಳೆದು ನೋಡಿದ್ದಾರೆ ಎಂದರು. "ನೀವು ಇಷ್ಟು ದಿನ ಆ ಮನೆಯಲ್ಲಿ ತಪ್ಪು ಮನುಷ್ಯರನ್ನ ಪರೀಕ್ಷೆ ಮಾಡಿದ್ದೀರಿ" ಎಂದು ಸಂಘದವರಿಗೆ ಹೇಳಿ ಕೂತರು.

ಮರುವಾರವೇ ತಿರುನಾರಾಯಣರು ಹಾರ ಹಿಡಿದುಕೊಂಡು ಶಾಂತಿಗ್ರಾಮಕ್ಕೆ ಬಂದರು. ಹಾರ ಈ ಸಲ ಸುವರ್ಣಮ್ಮನಿಗೆ. ಅವಳು ಹಾರವನ್ನು ಎಮ್ಮೆಗೆ ಹಾಕಿ, "ನನ್ ರಕ್ತ ಗಿಕ್ತ ಕೇಳ್ಬ್ಯಾಡಿ" ಎಂದಳು. "ನಿಮ್ಗೆ ವಿಜ್ಞಾನ ಬೇಕೇ ಬೇಕು ಅಂದ್ರೆ, ನಮ್ಮತ್ತೆ ಅತ್ರ ಮದ್ಯಾನ ಕುಂತ್ಕಳಿ. ನಾನು ನಮ್ಮಣ್ಣನ ಮನೆಗೋಗ್ ಬತ್ತೀನಿ. ಓಗಿ ಎಷ್ಟೋ ವರ್ಸ ಆಯ್ತು." ಹಾಗೆಂದು ಸೀರೆ ಬದಲಿಸಿ ದಂಡಿಗನಹಳ್ಳಿಯ ಬಸ್ಸಿಗೆ ಹೊರಟೇಬಿಟ್ಟಳು. ಹುಚ್ಚಯ್ಯ ಗಿರಣಿಯಲ್ಲಿದ್ದ.

ತಿರುನಾರಾಯಣರು ಕೂತರು. ಏನು ಮಾತಾಡುವುದೆಂದು ತಿಳಿಯದೆ ಕಪ್ಪೆಯ ಜೀವನಚಕ್ರ ಹೇಳತೊಡಗಿದರು. ಪುಟ್ಟತಾಯಮ್ಮ ಕೇಳುವಷ್ಟು ಕೇಳಿ, "ಅದ್ಯಾಕೆ ಬಾಲ ಉದುರುಸ್ಕತದೆ ಅದು?" ಎಂದಳು. ಮೇಷ್ಟರ ಮೂವತ್ತು ವರ್ಷದ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯೂ ತಾನಾಗಿ ಪ್ರಶ್ನೆ ಕೇಳಿರಲಿಲ್ಲ. ಅವರು ಸಂಜೆಯವರೆಗೂ ಹೇಳಿದರು. ನಡುವೆ ಅವಳು ಅವರಿಂದ ಕಾಲು ಒತ್ತಿಸಿಕೊಂಡಳು, ಎಲೆ ಅಡಿಕೆ ಕುಟ್ಟಿಸಿಕೊಂಡಳು, ಸುಣ್ಣ ಹೆಚ್ಚಾಯಿತೆಂದು ಬೈದಳು.

ಸಂಘ ಮುಂದೆ ಮಾಡಿದ್ದು ಅದನ್ನೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಲ್ಲ ಕಡೆ ಹಾಸಿಗೆ ಹಿಡಿದವರಿರುವ ಮನೆಗಳನ್ನು ಹುಡುಕಿ, ಕೆಲವು ಮನೆಗಳಿಗೆ ಮಧ್ಯಾಹ್ನದ ಹೊತ್ತು ಸದಸ್ಯರು ಹೋಗಿ ಕೂರುವುದು. ಕೆಲವಕ್ಕೆ ಮೊದಲ ವರ್ಷ ಹೋಗದಿರುವುದು. ಮನೆಯಲ್ಲಿ ನೋಡಿಕೊಳ್ಳುವವರ ನಿದ್ದೆ, ಬೇಸರ, ನೆಗಡಿ, ಜ್ವರವನ್ನು ಎರಡೂ ಕಡೆ ಕೇಳಿ ಹೋಲಿಸುವುದು. ರಕ್ತದ ಪರೀಕ್ಷೆಯನ್ನು ಹಂಸ ಮೈಸೂರಿನಲ್ಲಿ ಮಾಡಿಸುತ್ತಿದ್ದರು. ಪ್ರಶ್ನೆ ಕೇಳುವ ಕೆಲಸ ಗಿರಿಧರನದಾಗಿತ್ತು, ಆದರೆ ಅವನು ಕೇಳಿದರೆ ಹೆಂಗಸರು "ಎಲ್ಲ ಚೆಂದಾಗದೆ" ಎನ್ನುತ್ತಿದ್ದರು. ಸುವರ್ಣಮ್ಮ ಹೋಗಿ ಅಡುಗೆಮನೆಯಲ್ಲಿ ಕೂತು, ಮೊದಲು ತನ್ನ ಅತ್ತೆಯನ್ನು ಚೆನ್ನಾಗಿ ಬೈದು ಶುರು ಮಾಡುತ್ತಿದ್ದಳು. ಆಮೇಲೆ ಯಾರನ್ನೂ ಕೇಳಬೇಕಾಗುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಸಣ್ಣ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಯಾರಾದರೂ ಬಂದು ಕೂತ ಮನೆಗಳಲ್ಲಿ ನೋಡಿಕೊಳ್ಳುವವರ ನಿದ್ದೆ ಸುಧಾರಿಸಿತ್ತು, ಮನಸ್ಸು ಹಗುರಾಗಿತ್ತು, ಚಳಿಗಾಲದ ನೆಗಡಿ ಸ್ವಲ್ಪ ಕಡಿಮೆಯಾಗಿತ್ತು. ಕೆಲವು ಮನೆಗಳಲ್ಲಿ ಏನೂ ಬದಲಾಗಿರಲಿಲ್ಲ. ಊರೂರು ಬಸ್ಸು ಹತ್ತಿ ಇಳಿಯುತ್ತಿದ್ದ ಸಂಘದ ಸದಸ್ಯರಿಗೆ ಮಾತ್ರ ನೆಗಡಿ ವಿಪರೀತ ಹೆಚ್ಚಾಗಿತ್ತು. ಅದನ್ನು ಬಿಟ್ಟುಬಿಡೋಣ ಎಂದ ಗಿರಿಧರ. ಅದನ್ನೂ ಬರೆಯಲೇಬೇಕು ಎಂದು ಹಂಸ ಹಟ ಹಿಡಿದು ಬರೆಸಿದರು.

ಪುಟ್ಟತಾಯಮ್ಮ ೨೦೦೨ರಲ್ಲಿ ತೀರಿಕೊಂಡಳು. ಮಣ್ಣಿಗೆ ಸಂಘದವರೆಲ್ಲ ಬಂದಿದ್ದರು. ತಿರುನಾರಾಯಣರು ಎಲ್ಲರಿಗಿಂತ ಹೆಚ್ಚು ಅತ್ತರು. ಹುಚ್ಚಯ್ಯನಿಗೆ ಈಗ ವರ್ಷಕ್ಕೆರಡು ಸಲ ನೆಗಡಿ ಬರುತ್ತಿತ್ತು. ಹೊಸಬನಾದ್ದರಿಂದ ಬಹಳ ನರಳುತ್ತಿದ್ದ. ಮೂಗು ಕಟ್ಟಿದರೆ ಮಗಳನ್ನು ಕರೆಸು ಎನ್ನುತ್ತಿದ್ದ. ಸುವರ್ಣಮ್ಮ "ಓಗ್ಲಿ ಬುಡಿ" ಎನ್ನುತ್ತಿದ್ದಳು. ಗಿರಣಿಯನ್ನು ದೇವಯ್ಯನ ಮಗನಿಗೆ ವಹಿಸಿ, ಹುಚ್ಚಯ್ಯ ವಾರದಲ್ಲಿ ಹೆಚ್ಚು ದಿನ ಸಂಘದ ಪರವಾಗಿ ಕೂರಲು ಹೋಗುತ್ತಿದ್ದ. ಹಾಗೆ ಕೂರುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಾಯಿಲೆಯವರು ಏನು ಹೇಳಿದರೂ ಅವನು ಗಾಬರಿಯಾಗುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ.

ಅರಕಲಗೂಡಿನಲ್ಲಿ ಚಂದ್ರಯ್ಯ ಎಂಬ ನಿವೃತ್ತ ಬಸ್ ಕಂಡಕ್ಟರಿದ್ದ. ನೆನಪು ಕಳೆದುಹೋಗಿ, ತನ್ನ ಮನೆಯ ಜಗಲಿಯನ್ನೇ ಬಸ್ಸೆಂದು ತಿಳಿದಿದ್ದ. ಹೆಂಡತಿ ಅನಸೂಯಮ್ಮ ಸಂತೆಗೆ ಹೋಗಿಬರಲೂ ಆಗದೆ ಸೊರಗಿದ್ದಳು. ಅವಳು ಚೀಲ ಹಿಡಿದು ಹೊರಟ ಮೇಲೆ ಹುಚ್ಚಯ್ಯ ಜಗಲಿಯ ತುದಿಯಲ್ಲಿ ಕೂರುತ್ತಿದ್ದ.

"ಎಲ್ಲಿಗೆ?" ಎಂದು ಚಂದ್ರಯ್ಯ ಕೇಳುತ್ತಿದ್ದ.

"ಹೊಳೆನರಸೀಪುರ ಒಂದ್ ಕೊಡಿ ಸಾ."

"ಚಿಲ್ರೆ ಇಲ್ಲ. ಇಳಿಯುವಾಗ ಇಸ್ಕೊ. ಒಳಗ್ ನುಗ್ಗು, ಬಾಗ್ಲಲ್ ನಿಂತ್ಕಬ್ಯಾಡ."

ಹುಚ್ಚಯ್ಯ ಒಳಗೆ ಜರುಗಿ ಕೂರುತ್ತಿದ್ದ. ಹಳ್ಳಿಮೈಸೂರು ಬಂದಾಗ ಇಬ್ಬರೂ ಕಾಲು ಚಾಚಿಕೊಂಡು ಸ್ವಲ್ಪ ದಣಿವಾರಿಸಿಕೊಳ್ಳುತ್ತಿದ್ದರು. ಬೀದಿಯಲ್ಲಿ ಹೋಗುವವರು ಕೈಯೆತ್ತಿದರೆ ಚಂದ್ರಯ್ಯ ಒಬ್ಬೊಬ್ಬರನ್ನೇ ಹತ್ತಿಸಿಕೊಳ್ಳುತ್ತಿದ್ದ. ಕೆಲಸವಿಲ್ಲದವರು ಹತ್ತಿ ಕೂರುತ್ತಲೂ ಇದ್ದರು. ಒಂದು ಮಧ್ಯಾಹ್ನ ಅನಸೂಯಮ್ಮ ಸಂತೆಯಿಂದ ಬಂದಾಗ ಜಗಲಿಯ ತುಂಬ ಜನ.

"ಸೀಟಿಲ್ಲ ಕಣಮ್ಮ, ಮುಂದಿನ್ ಬಸ್ಸಿಗ್ ಬಾ" ಎಂದ ಚಂದ್ರಯ್ಯ ಹೆಂಡತಿಗೆ.

ಅವಳು ಸೊಪ್ಪಿನ ಚೀಲ ಹಿಡಿದು ನಿಂತಿದ್ದಳು. ಹುಚ್ಚಯ್ಯ ಎದ್ದು ತನ್ನ ಜಾಗ ಬಿಟ್ಟುಕೊಟ್ಟ. ಅನಸೂಯಮ್ಮ ಗಂಡನ ಪಕ್ಕದಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಇದು ಎಷ್ಟೊತ್ತಿಗ್ ಮುಟ್ತದೆ?" ಎಂದು ಕೇಳಿದಳು.

"ನಿಧಾನ ಆಯ್ತದೆ" ಎಂದು ಚಂದ್ರಯ್ಯ ಶೀಟಿ ಊದಿದ. ಹುಚ್ಚಯ್ಯ ಮಾಡಿನ ತೊಲೆ ಹಿಡಿದುಕೊಂಡು ನಿಂತೇ ಪ್ರಯಾಣ ಮಾಡಿದ.